ಮಾರಲಾಗದ ಹೋಟೆಲ್

ನಮ್ಮ ಮನೆಯಲ್ಲಿ ತಾತನ ಕಾಲದಿಂದ ಒಂದು ಕಾನೂನಿದೆ. ಮಕ್ಕಳು ಒಂದೇ ವಸ್ತುವಿಗಾಗಿ ಮೂರು ಸಲ ಜಗಳವಾಡಿದರೆ ಆ ವಸ್ತು ಮನೆಯಿಂದ ಹೊರಗೆ ಹೋಗಬೇಕು. ಕೇರಂ ಬೋರ್ಡು ಹಾಗೇ ಹೋಯಿತು, ಕೆಂಪು ಸೈಕಲ್ಲೂ ಹಾಗೇ ಹೋಯಿತು. ಮಾರಿ ಬಂದ ದುಡ್ಡಿನಲ್ಲಿ ಎಲ್ಲರಿಗೂ ಮಸಾಲೆದೋಸೆ. ಅಕ್ಕನ ಮದುವೆಗೆ ಇಪ್ಪತ್ತು ದಿನ ಇದ್ದಾಗ ಈ ಕಾನೂನು ನಮ್ಮ ಗೇಮ್ ಕನ್ಸೋಲಿನ ತಲೆ ಮೇಲೆ ಬಂದು ಕೂತಿತು.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅಕ್ಕ ಸಮನ್ವಿತಾ ತನ್ನ ಸೂಟ್‌ಕೇಸಿನ ಪಕ್ಕದಲ್ಲಿ ಕನ್ಸೋಲ್ ಇಟ್ಟದ್ದು ಕಂಡು, "ಅದೆಲ್ಲಿಗೆ ಹೊರಟಿದೆ?" ಎಂದೆ.

"ನನ್ನ ಸಂಬಳದಲ್ಲಿ ತಗೊಂಡಿದ್ದು. ನನ್ನ ಜೊತೆ ಬರತ್ತೆ."

"ಅರ್ಧ ಆಟ ಆಡಿರೋಳು ನಾನು."

ಒಂದೇ ವಾರದಲ್ಲಿ ಮೂರು ಜಗಳ ಮುಗಿದವು.

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಒಂದೇ ಆಟ. ಇಬ್ಬರು ಸೇರಿ ಹೋಟೆಲ್ ನಡೆಸುವ ಆಟ. ಅವಳು ಒಲೆಯ ಮುಂದೆ, ನಾನು ಟೇಬಲ್‌ಗಳ ನಡುವೆ. ಪ್ರತಿ ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಕೂತು, ಅರವತ್ತು ಹಂತಗಳಲ್ಲಿ ಮೂವತ್ತೆಂಟನ್ನು ದಾಟಿದ್ದೆವು. ಅವಳು ಹೋದ ಮೇಲೆ ಶನಿವಾರ ಏನು ಮಾಡಲಿ ಎನ್ನುವುದೇ ನನ್ನ ಸಂಕಟ. ಅದನ್ನು ಬಾಯಿಬಿಟ್ಟು ಹೇಳಲು ಬರದೆ ಪೆಟ್ಟಿಗೆಗಾಗಿ ಕಿತ್ತಾಡಿದೆ.

ಅಪ್ಪ ತಿರುಮಲೇಶ ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ ನಿವೃತ್ತರಾದವರು. ಮೂರನೇ ಜಗಳಕ್ಕೆ ಕನ್ನಡಕ ತೆಗೆದು ತೀರ್ಪು ಕೊಟ್ಟರು: "ನಡೀರಿ, ಮಾರ್ಬಿಟ್ಟು ಬರೋಣ."

ಗಿರಿನಗರದಿಂದ ಆಟೊ ಹಿಡಿದು ಬನಶಂಕರಿ ಬಸ್ ಸ್ಟ್ಯಾಂಡಿನ ಹಿಂದೆ ಇರುವ ದೇವರಾಜನ ಅಂಗಡಿಗೆ ಹೋದೆವು. ಆತ ಹಳೇ ಗೇಮ್‌ಗಳನ್ನು ಕೊಂಡು ಮಾರುವವನು. ನಾವು ತಂದ ಆರು ಡಿಸ್ಕ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಗೀರು ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಕ್ಕಕ್ಕಿಟ್ಟ.

"ಇನ್ನೂ ಮೂವತ್ತು ಆಟ ಇದಾವೆ. ಹೋಟೆಲ್ ಆಟನೂ ಸೇರಿ ಎಲ್ಲಾ ಡೌನ್‌ಲೋಡ್ ಮಾಡಿದ್ದು, ಒಳಗೇ ಇವೆ" ಎಂದಳು ಅಕ್ಕ.

"ಅವು ನಡೆಯಲ್ಲ ಮೇಡಂ. ಅವೆಲ್ಲ ನಿಮ್ಮ ಅಕೌಂಟ್‌ಗೆ ಲಾಕ್ ಆಗಿರ್ತವೆ. ಮಷೀನ್ ಕೊಟ್ರೆ ಎಲ್ಲಾ ಅಳಿಸಿ ಬರೀ ಡಬ್ಬ ತಗೋತೀನಿ."

ಅಪ್ಪ ಮುಂದೆ ಬಂದರು. "ದುಡ್ಡು ಕೊಟ್ಟು ತಗೊಂಡಿದ್ದಲ್ಲವೇನಪ್ಪ?"

"ಆಡೋಕೆ ಕೊಟ್ಟಿದ್ದೀರ ಅಂಕಲ್, ಆಟಕ್ಕಲ್ಲ. ಬಸ್ ಪಾಸ್ ಇದ್ದಂಗೆ. ನಿಮ್ಮ ಫೋಟೊ ಇರೋ ಪಾಸನ್ನ ನಾನು ಇನ್ನೊಬ್ಬರಿಗೆ ಮಾರೋಕಾಗತ್ತಾ?"

"ಅಂದ್ರೆ ಇದು ಕ್ರಯ ಅಲ್ಲ. ಭೋಗ್ಯ."

"ಭೋಗ್ಯದಲ್ಲಿ ಮನೆ ಖಾಲಿ ಮಾಡುವಾಗ ದುಡ್ಡು ವಾಪಸ್ ಬರತ್ತೆ ಅಂಕಲ್. ಇವರು ಅದೂ ಕೊಡಲ್ಲ." ದೇವರಾಜ ಗೋಡೆ ತುಂಬ ಜೋಡಿಸಿದ್ದ ಡಿಸ್ಕ್‌ಗಳ ಕಡೆ ಕೈ ತೋರಿಸಿದ. "ಈಗ ಬರೋ ಕೆಲವು ಮಷೀನ್‌ಗಳಲ್ಲಿ ಡಿಸ್ಕ್ ಹಾಕೋ ಜಾಗನೇ ಇಲ್ಲ. ಇನ್ನೈದು ವರ್ಷಕ್ಕೆ ನೀವು ಬಂದ್ರೆ ನಾನು ಇಲ್ಲಿ ಕಬ್ಬಿನ ಹಾಲು ಮಾರ್ತಿರ್ತೀನಿ."

ಮೂವತ್ತೈದು ವರ್ಷ ಪತ್ರಗಳಿಗೆ ಸೀಲು ಹೊಡೆಸಿದ ಅಪ್ಪನಿಗೆ ಇಂಥ ಅವಮಾನ ಹಿಂದೆ ಆಗಿರಲಿಲ್ಲ. ಮೂವತ್ತು ಆಟ ಅಳಿಸಿ ಬರೀ ಡಬ್ಬ ಮಾರಲು ಅವರು ಒಪ್ಪಲಿಲ್ಲ. ಆರು ಡಿಸ್ಕ್ ಮಾತ್ರ ಕೊಟ್ಟು, ಅದರ ದುಡ್ಡಲ್ಲಿ ದೋಸೆ ತಿಂದು, ಕನ್ಸೋಲನ್ನು ಮಡಿಲಲ್ಲಿಟ್ಟುಕೊಂಡು ಆಟೊದಲ್ಲಿ ಕೂತರು. ಮನೆಯ ಗೇಟು ತೆಗೆಯುವಾಗ ಎರಡನೇ ತೀರ್ಪು ಬಂತು.

"ಮಾರೋ ಹಕ್ಕಿಲ್ಲದ್ದು ಆಸ್ತಿನೇ ಅಲ್ಲ. ಆಸ್ತಿ ಅಲ್ಲದ್ದಕ್ಕೆ ನಮ್ಮ ಕಾನೂನು ಅನ್ವಯಿಸಲ್ಲ. ಎಲ್ಲಿತ್ತೋ ಅಲ್ಲೇ ಇಡಿ."

ಅಕ್ಕ ಜಗಳಕ್ಕೆ ಬರುತ್ತಾಳೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವಳು ತಾನೇ ಅದನ್ನು ಟೀವಿಯ ಕೆಳಗೆ ಇಟ್ಟು ವೈರ್ ಸಿಕ್ಕಿಸಿದಳು.

ಮದುವೆಯಾಯಿತು. ಶಿವಕಿರಣ್ ಭಾವನ ಮನೆ ಇರುವುದು ಹೊಸಕೆರೆಹಳ್ಳಿಯಲ್ಲಿ, ನಮ್ಮಲ್ಲಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಆದರೂ ಅಮ್ಮ ಮಗಳನ್ನು ಕಾಶಿಗೆ ಕಳಿಸುವವಳಂತೆ ಅತ್ತಳು. ನಾನು ಅಳಲಿಲ್ಲ, ಎಲ್ಲರ ಮೇಲೂ ರೇಗಿದೆ.

ಮೊದಲ ಶನಿವಾರ ಒಬ್ಬಳೇ ಕೂತು ಕನ್ಸೋಲ್ ಹಾಕಿದೆ. ಅಕೌಂಟಿನ ಮಾಲೀಕರು ನೀವೇ ಎಂದು ಸಾಬೀತು ಮಾಡಿ, ಫೋನಿಗೆ ಬಂದ ಸಂಖ್ಯೆ ಒತ್ತಿ ಎಂದಿತು. ಅಕೌಂಟು ಅಕ್ಕನದು, ಸಂಖ್ಯೆ ಹೋಗಿದ್ದು ಅಕ್ಕನ ಫೋನಿಗೆ. ಕರೆ ಮಾಡಿದೆ.

"ಓಟಿಪಿ ಹೇಳೇ."

"ಹೇಳಲ್ಲ. ಓಟಿಪಿ ಯಾರಿಗೂ ಕೊಡಬಾರ್ದು ಅಂತ ಅಪ್ಪ ಬಾಯಿ ಬಡ್ಕೊಂಡು ಹೇಳಿಲ್ವಾ?"

"ನಾನು ಯಾರೋನಾ?"

"ಬ್ಯಾಂಕ್‌ನವರಿಗೇ ಹೇಳಲ್ಲ, ನಿನಗೆ ಹೇಳ್ತೀನಾ. ಇರು, ಬರ್ತೀನಿ."

ಕಾಲು ಗಂಟೆಯಲ್ಲಿ ಹೆಲ್ಮೆಟ್ ಸಮೇತ ಒಳಗೆ ಬಂದಳು. ಸಂಖ್ಯೆ ಒತ್ತಿ, ಒಲೆಯ ಮುಂದೆ ನಿಂತಳು. ಮೂವತ್ತೊಂಬತ್ತನೇ ಹಂತ ದಾಟಿದೆವು. ಮುಂದಿನ ಶನಿವಾರ ಕನ್ಸೋಲ್ ಮತ್ತೆ ಸಂಖ್ಯೆ ಕೇಳಿತು, ಅವಳು ಮತ್ತೆ ಬಂದಳು. ಅಮ್ಮ ಶನಿವಾರ ಚಿತ್ರಾನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುವುದು ರೂಢಿಯಾಯಿತು. ಅಪ್ಪ ಮಾತ್ರ ವಾರವಾರವೂ ಆ ಕಂಪನಿಗೆ ಶಾಪ ಹಾಕುತ್ತಿದ್ದರು.

ಆರನೇ ಶನಿವಾರ ಅಕ್ಕ ಸಂಖ್ಯೆ ಒತ್ತಿದವಳೇ ಕಂಟ್ರೋಲರನ್ನು ನನ್ನ ಕೈಗಿತ್ತು, ಉಕ್ಕುತ್ತಿದ್ದ ಹಾಲಿನ ಕಡೆ ಓಡಿದಳು. ಟೀವಿಯ ಮೇಲೆ ಒಂದು ಸಾಲು ಬಂತು. ಈ ಯಂತ್ರವನ್ನು ನೆನಪಿಡಬೇಕೆ? ಹೌದು ಎಂದರೆ ಮತ್ತೆ ಕೇಳುವುದಿಲ್ಲ.

ಈ ಸಾಲನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಐದು ವಾರವೂ ಅವಳೇ ಏನೋ ಪಟ್ಟನೆ ಒತ್ತಿ ದಾಟಿಸಿಬಿಡುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. "ಬೇಡ" ಎನ್ನುವುದನ್ನು ಒತ್ತಿದೆ.

ಎರಡು ಲೋಟ ಕಾಫಿ ಹಿಡಿದು ಬಂದಳು. "ಲಾಕ್ ತೆಗೀತಾ?"

"ತೆಗೀತು. ಮುಂದಿನ ವಾರ ಮತ್ತೆ ಕೇಳತ್ತಂತೆ."

ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. "ದರಿದ್ರ ಕಂಪನಿ ಕಣೇ" ಎಂದು ಪಕ್ಕದಲ್ಲಿ ಕೂತಳು.

ಉಳಿದಿದ್ದದ್ದು ಹದಿನೇಳೇ ಹಂತ. ಆ ದಿನ ನಾನು ಆಟದಲ್ಲಿ ಬೇಕೆಂದೇ ಎರಡು ತಟ್ಟೆ ಬೀಳಿಸಿದೆ. ತಿರುಗಿ ನೋಡಿದರೆ ಅಕ್ಕನ ಒಲೆಯ ಮೇಲೆ ದೋಸೆ ಸೀಯುತ್ತಿತ್ತು, ಅವಳು ಆರಾಮವಾಗಿ ಕಾಫಿ ಕುಡಿಯುತ್ತಿದ್ದಳು.