ಎಡಗಾಲಿನ ಮಡಿಕೆ

ನಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ನಿಂತಿರುತ್ತಾರೆ, ಹೊಲಿಯುವವರು ಕೂತಿರುತ್ತಾರೆ. ನಿಂತವರಿಗೆ ‘ಮಾಸ್ಟ್ರು’ ಎಂಬ ಗೌರವ, ಕೂತವರಿಗೆ ಬೆನ್ನುನೋವು. ಮಾಸ್ಟ್ರು ಮೂವತ್ತೆಂಟು ವರ್ಷದಿಂದ ನಿಂತಿದ್ದರು. ಅವರ ಭಾವಮೈದ ಹದಿನಾರು ವರ್ಷದಿಂದ ಕೂತು, ಕತ್ತರಿಯ ಮೇಲೆ ಒಂದು ಕಣ್ಣಿಟ್ಟಿದ್ದ.

ಹೋದ ವರ್ಷ ಮಾಸ್ಟ್ರು ಲೈನಿಂಗ್ ಬಟ್ಟೆ ತೆಗೆಯಲು ಸ್ಟೂಲ್ ಹತ್ತಿ, ಬಟ್ಟೆಯ ಸಮೇತ ಕೆಳಗೆ ಬಂದರು. ಎಡ ಸೊಂಟದ ಕೀಲಿನ ಬಳಿ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮೂರು ಸ್ಕ್ರೂ ಹಾಕಿ ಕೂಡಿಸಿದರು. ನಾಲ್ಕನೇ ತಿಂಗಳಿಗೆ ಮತ್ತೆ ಮೇಜಿನ ಮುಂದೆ ಹಾಜರಾಗಿ, ತಮಗೇನೂ ಆಗಿಲ್ಲವೆಂದು ಕೇಳದವರಿಗೂ ಹೇಳಿದರು.

ಅಂಗಡಿಯ ಕೈಹೊಲಿಗೆಯೆಲ್ಲ ಹೆಂಡತಿಯದು. ಜನವರಿಯಲ್ಲಿ ಮಾಸ್ಟ್ರು ತಮ್ಮ ಪ್ಯಾಂಟುಗಳನ್ನು ಆಕೆಗೆ ಕೊಟ್ಟು, ಎಡಗಾಲನ್ನು ಅರ್ಧ ಇಂಚು ಮಡಿಸಲು ಹೇಳಿದರು. ಒಗೆತಕ್ಕೆ ಬಟ್ಟೆ ಹಿಗ್ಗಿದೆಯಂತೆ. ಫೆಬ್ರವರಿಯಲ್ಲಿ ಮುಕ್ಕಾಲು ಇಂಚಾಯಿತು, ಏಪ್ರಿಲ್‌ನಲ್ಲಿ ಒಂದೂಕಾಲು. ಐದಕ್ಕೆ ಐದೂ ಪ್ಯಾಂಟು ಎಡಗಾಲಿನಲ್ಲೇ ಹಿಗ್ಗುವಷ್ಟು ಬುದ್ಧಿವಂತ ಬಟ್ಟೆಯನ್ನು ಆಕೆ ಕಂಡಿರಲಿಲ್ಲ. ಕುಂಟುವುದನ್ನು ಬೀದಿಗೆ ಗೊತ್ತಾಗದಂತೆ ಮುಚ್ಚಿಟ್ಟ ಮನುಷ್ಯ, ಕಾಲು ಗಿಡ್ಡವಾದ ಅಳತೆಯನ್ನು ಮಾತ್ರ ಹೆಂಡತಿಯ ಕೈಗೇ ಬರೆದುಕೊಟ್ಟಂತೆ ಕೊಟ್ಟಿದ್ದರು.

ಆಕೆ ಜಗಳವಾಡಲಿಲ್ಲ. ಪ್ಯಾಂಟುಗಳನ್ನು ಚೀಲಕ್ಕೆ ತುಂಬಿ, ಗಂಡನನ್ನು ಆಸ್ಪತ್ರೆಗೆ ಹೊರಡಿಸಿದಳು. ಸರ್ಜನ್ ಮೇಡಂ ಎಕ್ಸ್‌ರೇಗೆ ಮೊದಲು ಪ್ಯಾಂಟು ನೋಡಬೇಕಾಯಿತು. ಬಿಚ್ಚಿದ ಹೊಲಿಗೆಯ ಸೂಜಿಗುರುತುಗಳನ್ನು ಹೆಂಡತಿ ತಿಂಗಳ ಸಮೇತ ವಿವರಿಸಿದಳು. ಎಕ್ಸ್‌ರೇ ಹೇಳಿದ್ದೂ ಅದನ್ನೇ: ತೊಡೆಮೂಳೆಯ ತುದಿಯ ಗುಂಡು ಕುಸಿದಿತ್ತು, ಒಂದು ಸ್ಕ್ರೂ ಹೊರಗೆ ತಲೆಹಾಕಿ ಕೀಲಿನ ಬಟ್ಟಲನ್ನು ಕೆರೆಯುತ್ತಿತ್ತು. ಸ್ಕ್ರೂಗಳನ್ನು ತೆಗೆದು ಕೀಲನ್ನೇ ಬದಲಿಸಬೇಕಿತ್ತು.

“ಅಂದ್ರೆ ಆಲ್ಟರೇಷನ್ನು,” ಎಂದರು ಮಾಸ್ಟ್ರು, ಮುಖ ಹುಳ್ಳಗೆ ಮಾಡಿಕೊಂಡು. “ಹೊಸದು ಹೊಲಿಯೋದಕ್ಕಿಂತ ಕಷ್ಟ ಅದು.”

“ಕಷ್ಟಾನೇ, ಮಾಸ್ಟ್ರೇ.”

“ಎರಡೂ ಕಾಲು ಸಮ ಬರುತ್ತಾ?”

“ಹೆಚ್ಚುಕಡಿಮೆ.”

“ನನ್ನ ಅಂಗಡೀಲಿ ಹೀಗಂದ್ರೆ ಗಿರಾಕಿ ಎದ್ದು ಹೋಗ್ತಾನೆ.”

“ನಿಮ್ಮ ಗಿರಾಕಿಗೆ ಎದ್ದು ಹೋಗೋಕೆ ಕಾಲಿರುತ್ತೆ,” ಎಂದರು ಮೇಡಂ.

ಮಾಸ್ಟ್ರು ಸೋತು, ತಗ್ಗಿದ ದನಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು: ಮತ್ತೆ ನಿಂತು ಕತ್ತರಿಸಬಹುದೇ? ಕತ್ತರಿಸಬಹುದು ಎಂದು ಉತ್ತರ ಬಂತು. ಆದರೆ ಎಲ್ಲಾದರೂ ನೋವಾದರೆ ಅವತ್ತೇ ಬಾಯಿಬಿಡಬೇಕು.

ಆಪರೇಷನ್ ಆದ ಮರುದಿನವೇ ಮಾಸ್ಟ್ರಿಗೆ ವಾಕರ್ ಹಿಡಿಸಿ ನಿಲ್ಲಿಸಿದರು. ಇತ್ತ ಅಂಗಡಿಯಲ್ಲಿ ಭಾವಮೈದ ಕೊನೆಗೂ ಕತ್ತರಿ ಹಿಡಿದು, ಒಂದು ಕೋಟ್‌ಗೆ ಎರಡು ಎಡತೋಳು ಕತ್ತರಿಸಿ, ಭಾವ ಬೇಗ ಗುಣವಾಗಲೆಂದು ಮನಸಾರೆ ಹಾರೈಸತೊಡಗಿದ. ಹೆಂಡತಿ ಐದು ಪ್ಯಾಂಟಿನ ಮಡಿಕೆಗಳನ್ನೂ ಬಿಚ್ಚಿದಳು. ಅಷ್ಟು ಸಂತೋಷದಿಂದ ಆಕೆ ಯಾವ ಹೊಲಿಗೆಯನ್ನೂ ಬಿಚ್ಚಿರಲಿಲ್ಲ.

ಮೂರನೇ ತಿಂಗಳಲ್ಲಿ ಮೇಡಂ ಒಪ್ಪಿದ ಮೇಲೆ ಮಾಸ್ಟ್ರು ಮೇಜಿನ ಮುಂದೆ ನಿಂತು ಒಂದು ಇಡೀ ಸೂಟು ಕತ್ತರಿಸಿದರು. ಎರಡು ಗಂಟೆ ಹಿಡಿಯಿತು. ನೋಯ್ತಿದೆಯಾ ಎಂದು ಹೆಂಡತಿ ಕೇಳಿದಳು. ಏನೂ ಇಲ್ಲ ಎನ್ನಲು ತೆರೆದ ಬಾಯನ್ನು ಮಾಸ್ಟ್ರು ಮುಚ್ಚಿದರು.

“ನೋಯ್ತಿದೆ,” ಎಂದರು. “ಬಲಗಾಲು.”

ವರ್ಷವಿಡೀ ಎಡಗಾಲಿನ ಪಾಲಿನ ಭಾರವನ್ನೂ ಹೊತ್ತ ಕಾಲು ಅದು. ಹೆಂಡತಿ ಕುರ್ಚಿ ಎಳೆದುಕೊಟ್ಟಳು, ಮಾಸ್ಟ್ರು ತಕರಾರಿಲ್ಲದೆ ಕೂತರು. ಮಷೀನಿನಿಂದ ಭಾವಮೈದ ಗಾಬರಿಯಾಗಿ ಎದ್ದ.

“ನೀನು ಕೂತ್ಕೊಳಪ್ಪಾ,” ಎಂದರು ಮಾಸ್ಟ್ರು. “ಸುಸ್ತಾಗಿದೆ ಅಷ್ಟೆ, ರಾಜೀನಾಮೆ ಕೊಟ್ಟಿಲ್ಲ.”