ಗುರಮ್ಮನ ಎಮ್ಮೆಗೆ ನಶೆ

ಆ ಸೋಮವಾರ ಬೆಳಿಗ್ಗೆ ಗುರಮ್ಮನ ಹಾಲನ್ನು ಮೂರು ಮನೆಯವರು ಬೇಡವೆಂದರು. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ಹಾಲು ಹಾಕಿಸಿಕೊಂಡವರು ಬಾಗಿಲ ಸಂದಿಯಿಂದಲೇ "ಇವತ್ತ ಬ್ಯಾಡ್ರಿ ಅಕ್ಕಾ" ಎಂದು ಮುಖ ತಪ್ಪಿಸಿದರು. ತುಂಬಿದ ಕ್ಯಾನು ಹೊತ್ತು ಅವಳು ಮನೆಗೆ ಬಂದರೆ ಕೊಟ್ಟಿಗೆಯ ಮುಂದೆ ಐದು ಮಂದಿ ಗಂಡಸರು ಚೆಂಬು ಹಿಡಿದು ನಿಂತಿದ್ದರು. ಅವರಲ್ಲಿ ಒಬ್ಬನೂ ಹುಟ್ಟಿದಾಗಿನಿಂದ ತನ್ನ ಕೈಯಾರೆ ಹಾಲು ಕೊಂಡವನಲ್ಲ. ಸಂಜೆಯಾದರೆ ಕುಡಿಯಲೆಂದು ಜೇವರ್ಗಿ ದಾರಿ ಹಿಡಿದು, ಮರುದಿನ ಬಿಸಿಲೇರಿದ ಮೇಲೆ ಏಳುವ ಮಂದಿ ಅದು. ಇವತ್ತು ಸ್ನಾನ ಮಾಡಿ, ತಲೆ ಬಾಚಿಕೊಂಡು ಬಂದಿದ್ದರು.

"ಏನ್ರೋ ಇದು?" ಎಂದಳು ಗುರಮ್ಮ.

"ಒಂದೊಂದ್ ಲೀಟರ್ ಹಾಕ್ರಿ ಅಕ್ಕಾ." ಮುಂದೆ ನಿಂತವನು ದನಿ ತಗ್ಗಿಸಿದ. "ಹಸೀದೇ ಕೊಡ್ರಿ. ಕಾಸಿದ್ರ ಹೋಗಿಬಿಡ್ತದಂತ."

"ಏನ್ ಹೋಗ್ತದೋ?"

"ನಶಾ."

ಗುರಮ್ಮ ಕ್ಯಾನನ್ನು ನೆಲಕ್ಕೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಐವತ್ತೆಂಟು ವರ್ಷದ ಹೆಂಗಸು. ಕೊರಳಲ್ಲಿ ಲಿಂಗ, ಕೊಟ್ಟಿಗೆಯಲ್ಲಿ ಆರು ಎಮ್ಮೆ. ಲಿಂಗಪೂಜೆ ಮುಗಿಯದೆ ಒಂದು ಹನಿ ನೀರನ್ನೂ ಬಾಯಿಗೆ ಬಿಟ್ಟವಳಲ್ಲ. ಅಂಥವಳ ಹಾಲಿನಲ್ಲಿ ನಶೆ!

ಮಾತು ಎಲ್ಲಿಂದ ಹೊರಟಿತ್ತೆಂಬುದು ಸರ್ದಾರನ ಚಹಾದಂಗಡಿಯಲ್ಲಿ ತಿಳಿಯಿತು. ಸರ್ದಾರ ತುಸು ಸಂಕೋಚದಿಂದಲೇ ಹೇಳಿದ: "ದೌಲತರಾಯಪ್ಪ ನಿನ್ನೆ ನಿಮ್ಮ ಕೊಟ್ಟಿಗಿ ಮುಂದಿಂದ ಹೋಗ್ಯಾನ್ರಿ. ಚೀಲದ ಮ್ಯಾಲ ನೊರಿ ಉಕ್ಕೋ ಬೀರ್ ಗ್ಲಾಸಿನ ಚಿತ್ರ ನೋಡ್ಯಾನ. ಎಮ್ಮಿ ಆ ಚೀಲದಾಗ ಮುಖಾ ಹಾಕಿ ನಿಂತಿತ್ತಂತ. ಆದ್ರ ಅಕ್ಕಾ, ಖರೇ ಹೇಳ್ಲಿ? ಮುಂಜಾನಿಂದ ನಿಮ್ಮ ಹಾಲಿನ ಚಹಾ ಅಂತ ಎರಡು ಪಾಲು ಹೋಗ್ಯದ."

ಚೀಲದ ಚಿತ್ರ ಸುಳ್ಳಲ್ಲ. ಎರಡು ತಿಂಗಳ ಹಿಂದೆ ಮೈತ್ರಿ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಿದ್ದಳು. ಆಳಂದದವಳು, ಬೌದ್ಧರ ಮನೆಯವಳು, ಅಣ್ಣಾರಾಯ ಮಾಸ್ತರ ಮಗಳು, ಮೂವತ್ತರ ಆಸುಪಾಸು. ಪುಣೆಯಲ್ಲಿ ಬೀರು ತಯಾರಿಸುವ ಕೆಲಸ ಕಲಿತು ಬಂದು, ಭೀಮಾ ಸೇತುವೆ ದಾಟಿದರೆ ಸಿಗುವ ಹೆದ್ದಾರಿ ಹೋಟೆಲೊಂದರಲ್ಲಿ ಅದೇ ಕೆಲಸಕ್ಕೆ ನಿಂತಿದ್ದಳು. ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಬಡಿಸುವ ಹೋಟೆಲು. ಪ್ರತಿ ಸಲ ಬೀರು ಮಾಡಿದಾಗಲೂ ರಸ ಬಸಿದ ಕಾಳಿನ ಚರಟ ರಾಶಿ ಉಳಿಯುತ್ತದೆ, ದನಗಳಿಗೆ ಒಳ್ಳೆಯ ಮೇವು, ಎಸೆಯಲು ಮನಸ್ಸು ಬರುವುದಿಲ್ಲ ಎಂದಿದ್ದಳು. ಗುರಮ್ಮ ಮೊದಲು ಬೇಡವೆಂದಳು. ಆದರೆ ಅವಳ ಹಿರಿಯ ಎಮ್ಮೆ ಮೋತಿ ಅಷ್ಟರಲ್ಲೇ ಹಗ್ಗ ಜಗ್ಗಿಕೊಂಡು ಬಂದು ಮಾದರಿ ಚೀಲವನ್ನು ಅರ್ಧ ಖಾಲಿ ಮಾಡಿತ್ತು. ವಾರದಲ್ಲಿ ಹಾಲು ಏರಿತು, ಕೆನೆ ದಪ್ಪಗಟ್ಟಿತು. ಹುಡುಗಿ ಪ್ರತಿ ಗುರುವಾರ ಬರುವುದು, ಗುರಮ್ಮ ಅವಳನ್ನು ಅಡುಗೆಮನೆಗೇ ಕರೆದು ಮಜ್ಜಿಗೆ ಕೊಡುವುದು ರೂಢಿಯಾಯಿತು. ಅಲ್ಲಿ ಏನು ಹೇಗೆ ಮಾಡುತ್ತಾರೆಂದು ಮಾತ್ರ ಗುರಮ್ಮ ಯಾವತ್ತೂ ಕೇಳಿರಲಿಲ್ಲ. ಕೇಳದಿದ್ದರೆ ತನಗೆ ಸಂಬಂಧವಿಲ್ಲವೆಂದು ಇದ್ದುಬಿಡಬಹುದಿತ್ತು.

ಈಗ ಹಾಗಿರಲು ಆಗಲಿಲ್ಲ. ಅವಳು ನೆಟ್ಟಗೆ ದೌಲತರಾಯನ ಮನೆಗೆ ಹೋದಳು. ದೌಲತರಾಯ ಊರಿನ ದೊಡ್ಡ ಹೊಲದವ, ಎಪ್ಪತ್ತು ದಾಟಿದವ, ಹೇಳಿದ್ದನ್ನು ಹಿಂದೆಗೆದುಕೊಂಡು ಗೊತ್ತಿಲ್ಲದವ.

"ನಡೀರಿ ನನ್ನ ಜೋಡಿ," ಎಂದಳು. "ಆ ಕಾಳು ಎಲ್ಲಿಂದ ಬರ್ತದೋ ಅಲ್ಲಿಗೇ ಹೋಗಿ ನೋಡೂಣು. ನಶಾ ಇದ್ರ ಆರೂ ಎಮ್ಮಿ ಮಾರ್ತೇನಿ. ಇರಲಿಲ್ಲಂದ್ರ ನೀವೇ ಮನಿ ಮನಿಗಿ ಹೋಗಿ ಹೇಳ್ಬೇಕು."

"ನಾ ಅಂಥಾ ಜಾಗಕ್ಕ ಕಾಲಿಡಾಂಗಿಲ್ಲ," ಎಂದ ದೌಲತರಾಯ.

"ಕಾಲಿಡಬ್ಯಾಡ್ರಿ. ಟಂಟಂ ಆಟೋದಾಗ ಕುಂತು ನೋಡ್ರಿ."

ಆದರೆ ಟಂಟಂ ಹೋಟೆಲಿನ ಹಿಂದೆ ನಿಂತಾಗ ಮೊದಲು ಇಳಿದವನು ಅವನೇ. ಬಾಗಿಲಿನಿಂದ ಬರುತ್ತಿದ್ದ ವಾಸನೆ ಅವನನ್ನು ಇಳಿಸಿತು. ಹಸಿ ಬಾಣಂತಿಗೆ ಮಾಡುವ ಹುರಿಹಿಟ್ಟಿನ ವಾಸನೆ, ಅದರ ಹಿಂದೆ ಬೆಲ್ಲ ಕರಗಿದಂಥದ್ದು.

ರಬ್ಬರ್ ಬೂಟು ಹಾಕಿಕೊಂಡು, ಉದ್ದನೆಯ ಹುಟ್ಟಿನಿಂದ ಹಂಡೆಯಲ್ಲಿ ಕಾಳು ತಿರುವುತ್ತಿದ್ದ ಮೈತ್ರಿ ಇವರನ್ನು ನೋಡಿ ಗಾಬರಿಯಾದಳು. ವಿಷಯ ಕೇಳಿದ ಮೇಲೆ ಗಾಬರಿ ಹೋಗಿ ನಗು ಬಂತು; ಗುರಮ್ಮನ ಮುಖ ನೋಡಿ ಅದನ್ನು ನುಂಗಿಕೊಂಡಳು.

"ನೋಡ್ರಿ ಅಮ್ಮಾ, ಇದು ಮೊಳಕಿ ಬರಿಸಿ ಒಣಗಿಸಿ ಒಡೆದ ಕಾಳು. ಬಿಸಿನೀರಾಗ ಒಂದು ತಾಸು ನೆನೀತದ. ರಸ ಬಿಡ್ತದ. ರಸ ಈ ಕಡಿ ಹೋಗ್ತದ, ಚರಟ ನಿಮ್ಮ ಕಡಿ ಬರ್ತದ." ಅವಳು ನಳ ತಿರುಗಿಸಿ, ಎರಡು ಸ್ಟೀಲ್ ಲೋಟದಲ್ಲಿ ಜೇನಿನ ಬಣ್ಣದ ಬಿಸಿ ರಸ ಹಿಡಿದಳು. "ಇದರಾಗ ಇನ್ನೂ ಏನೂ ಇಲ್ರಿ. ಬರೇ ಸಿಹಿ. ಕುದಿಸಿ, ಕಹಿ ಹೂವ ಹಾಕಿ, ಆರಿಸಿ, ಆಮ್ಯಾಲ ಆ ದೊಡ್ಡ ಡಬ್ಬಿದಾಗ ಈಸ್ಟ್ ಹಾಕ್ತೇವಿ. ನಶಾ ಹುಟ್ಟೋದು ಅಲ್ಲಿ."

"ಅಂದ್ರ ಹೆಪ್ಪ ಹಾಕ್ದಂಗ," ಎಂದಳು ಗುರಮ್ಮ.

"ಬರೋಬ್ಬರಿ ಹಂಗೇ!"

"ಹೆಪ್ಪ ಬೀಳೋಕಿಂತ ಮೊದ್ಲೇ ನಮ್ಮ ಚೀಲ ತುಂಬ್ತದ."

"ಹೌದ್ರಿ."

ಗುರಮ್ಮ ರಸವನ್ನು ಗುಟುಕರಿಸಿದಳು. ಎದೆಯಲ್ಲಿ ಕೂತಿದ್ದ ಕಲ್ಲು ಕರಗಿ ಇಳಿದಂತಾಯಿತು. ಪಕ್ಕದಲ್ಲಿ ದೌಲತರಾಯ ತನ್ನ ಲೋಟ ಮುಗಿಸಿ, ತಳದಲ್ಲಿ ಉಳಿದಿದ್ದನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದ. "ಇನ್ನೊಂದೀಟು ಹಾಕವ್ವಾ," ಎಂದ. "ಪೂರಾ ನೋಡಿದ್ರನೇ ಖಾತ್ರಿ ಆಗೋದು."

ಹೊರಡುವಾಗ ಗುರಮ್ಮನ ಕಣ್ಣಿಗೆ ಮೂಲೆಯಲ್ಲಿದ್ದ ತಟ್ಟೆಗಳು ಬಿದ್ದವು. ಒದ್ದೆ ಬಟ್ಟೆಯ ಮೇಲೆ ಜೋಳ ಹರಡಿತ್ತು; ಅಲ್ಲೊಂದು ಇಲ್ಲೊಂದು ಕಾಳು ಮಾತ್ರ ಮೊಳಕೆಯೊಡೆದಿತ್ತು. ಮೈತ್ರಿಯ ಮುಖ ಸಪ್ಪಗಾಯಿತು. "ಎಲ್ಲಾರೂ ಪರದೇಶದ ಬಾರ್ಲಿದಾಗ ಮಾಡ್ತಾರ್ರಿ. ನನಗ ನಮ್ಮ ಬಿಳಿಜೋಳದ ಬೀರ್ ಮಾಡಬೇಕಂತ ಆಸೆ. ಮೂರು ಸಲ ಕೆಟ್ಟಿತು."

ಗುರಮ್ಮ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ಉಗುಳಿದಳು. "ಇದು ಹಳೇ ಜೋಳ. ಗೋದಾಮಿನಾಗ ಔಷಧ ಹೊಡ್ದು ಇಟ್ಟದ್ದು. ಜೀವಾ ಹೋಗ್ಯದ, ಮೊಳಕಿ ಎಲ್ಲಿಂದ ಬರಬೇಕು?" ಆಮೇಲೆ ಹುಡುಗಿಯ ಕಡೆ ತಿರುಗಿದಳು. "ನೀ ಕುಡಿತೀಯೇನವ್ವಾ?"

"ರುಚಿ ನೋಡ್ತೇನಿ. ಕೆಲಸನೇ ಅದು. ನಮ್ಮ ಮನ್ಯಾಗ ಪಂಚಶೀಲ ಹೇಳ್ಕೊಂಡೇ ಬೆಳಗಾಗೋದು, ಯಾರೂ ಮುಟ್ಟಾಂಗಿಲ್ಲ. ಅಪ್ಪ ಮಾತಾಡ್ತಾನ, ಊಟ ಆತೇನು ಅಂತ ಕೇಳ್ತಾನ. ಆದ್ರ ಇಲ್ಲೀತನಕ ನನ್ನ ಕೆಲಸ ನೋಡಾಕ ಬಂದಿಲ್ರಿ."

ದಾರಿಯುದ್ದಕ್ಕೂ ಗುರಮ್ಮ ಆ ಜೋಳದ ಬಗ್ಗೆಯೇ ಯೋಚಿಸಿದಳು. ಬೀರಿನ ಬಗ್ಗೆ ಅವಳ ಮನಸ್ಸು ಬದಲಾಗಿರಲಿಲ್ಲ. ಆದರೆ ಹಂಡೆಯ ಮುಂದೆ ನಿಂತಾಗ ಆ ಹುಡುಗಿಯ ಕಣ್ಣು ಹೊಳೆದದ್ದನ್ನು ಅವಳು ನೋಡಿದ್ದಳು. ಅಷ್ಟು ಆಸ್ಥೆಯಿಂದ ಕೆಲಸ ಮಾಡುವವಳ ಕೈಯಲ್ಲಿ ಸತ್ತ ಜೋಳ ಇರುವುದು ಅವಳಿಗೆ ಸಹಿಸಲಾಗಲಿಲ್ಲ.

ದೌಲತರಾಯ ಮಾತು ಉಳಿಸಿಕೊಂಡ. ಮನೆ ಮನೆಗೆ ಹೋಗುವ ಬದಲು ಸರ್ದಾರನ ಅಂಗಡಿಯಲ್ಲಿ ಕೂತು ಮೂರು ದಿನ ಭಾಷಣ ಮಾಡಿದ. ಹೆಪ್ಪು, ರಸ, ಚರಟ ಎಂದು ತಾನೇ ಕಂಡುಹಿಡಿದವನಂತೆ ವಿವರಿಸಿದ. ಹಾಲಿನ ಮನೆಗಳು ಮರಳಿ ಬಂದವು. ಚೆಂಬಿನವರು ನಿರಾಶರಾಗಿ ಚದುರಿದರು. ಅವರಲ್ಲಿ ಒಬ್ಬ ಮಾತ್ರ ಹಾಲಿನ ರುಚಿ ಹತ್ತಿ, ಜೇವರ್ಗಿ ದಾರಿ ಬಿಟ್ಟು ದಿನಾ ಬರತೊಡಗಿದ. ಅವನ ಹೆಂಡತಿ ಗುರಮ್ಮನಿಗೆ ಒಂದು ಡಜನ್ ಬಳೆ ತಂದುಕೊಟ್ಟಳು. ದೌಲತರಾಯ ತನ್ನ ಎಮ್ಮೆಗೂ ಒಂದು ಚೀಲ ಬೇಕೆಂದು ಹೇಳಿಕಳಿಸಿದ.

ಗುರಮ್ಮ ಬೀಜಕ್ಕೆಂದು ಬೂದಿ ಬೆರೆಸಿ ಇಟ್ಟಿದ್ದ ಹೊಸ ಜೋಳ ತೆಗೆದಳು. ಮೈತ್ರಿ ಬಂದಳು. ಇಬ್ಬರೂ ಕೂಡಿ ತೊಳೆದು, ನೆನೆಸಿ, ನೀರು ಬದಲಿಸಿ, ಪಡಸಾಲೆಯಲ್ಲಿ ಒದ್ದೆ ಗೋಣಿಯ ಕೆಳಗೆ ಹರಡಿದರು. ಮೂರನೆಯ ದಿನ ಗುರಮ್ಮ ಗೋಣಿ ಎತ್ತಿದಳು. ಒಂದು ಕಾಳೂ ಸುಮ್ಮನೆ ಕೂತಿರಲಿಲ್ಲ. ಪಡಸಾಲೆಯ ತುಂಬ ಬಿಳಿ ಬಾಲಗಳು.

"ಯವ್ವಾ!" ಎಂದು ಮೈತ್ರಿ ಗುರಮ್ಮನ ಎರಡೂ ಕೈ ಹಿಡಿದು ಕುಣಿದಳು. ಗುರಮ್ಮನೂ ಎರಡು ಹೆಜ್ಜೆ ಹಾಕಿ, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದಳು.

"ಒಣಗಿಸಿ ತಿಕ್ಕಿದ ಮ್ಯಾಲ ಈ ಬಾಲ ಎಮ್ಮಿಗಿ ಹಾಕಬ್ಯಾಡ," ಎಂದಳು ಆಮೇಲೆ. "ಎಳೀ ಜೋಳದ ಮೊಳಕಿ ದನಕ್ಕ ವಿಷ."

"ಗೊತ್ತದ್ರಿ. ನಾವೂ ತಿಕ್ಕಿ ತೆಗದೇ ಹಂಡೇದಾಗ ಹಾಕೋದು."

"ಹಂಗಿದ್ರ ಕಲಿಸಿದವ್ರು ಚಲೋ ಕಲಿಸ್ಯಾರ."

ಒಂದೂವರೆ ತಿಂಗಳಾದ ಮೇಲೆ, ಒಂದು ರವಿವಾರ ಮಧ್ಯಾಹ್ನ ಬಿಳಿಜೋಳದ ಬೀರು ಹೊರಬಂತು. ಗುರಮ್ಮ ಇಳಕಲ್ ಸೀರೆ ಉಟ್ಟು, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಂಡು ಹೋದಳು. ಗೇಟಿನ ಬಳಿ ಬಿಳಿ ಅಂಗಿಯ ಒಬ್ಬ ಹಿರಿಯರು ಛತ್ರಿ ಹಿಡಿದು ನಿಂತಿದ್ದರು. ಒಳಗೆ ಹೋಗಲೊಲ್ಲರು, ತಿರುಗಿ ಹೋಗಲೂ ಒಲ್ಲರು. ಮೈತ್ರಿಯದೇ ಮೂಗು, ಮೈತ್ರಿಯದೇ ಹಣೆ.

"ನೀವು ಅಣ್ಣಾರಾಯ ಮಾಸ್ತರಲ್ಲೇನ್ರಿ? ಮೈತ್ರಿ ಅಪ್ಪ?"

"ಹೌದ್ರಿ." ಅವರು ಛತ್ರಿ ಮಡಚಿದರು. "ಬಾ ಅಂತ ಹೇಳಿದ್ಳು. ಬಂದೇನಿ. ಆದ್ರ ನಾ ಮುಟ್ಟಾಂಗಿಲ್ಲ."

"ನಾನೂ ಮುಟ್ಟಾಂಗಿಲ್ಲ. ಜೋಳ ನಂದು, ಮಗಳು ನಿಮ್ಮಾಕಿ. ಕುಡಿಯೋರ ಮುಖಾ ನೋಡಾಕ ಏನ್ ತಕರಾರದ? ಬರ್ರಿ."

ಇಬ್ಬರೂ ಮುಂದಿನ ಮೇಜಿನಲ್ಲೇ ಕೂತರು, ಎದುರಿಗೆ ಒಂದೊಂದು ಲೋಟ ಮಜ್ಜಿಗೆ ಇಟ್ಟುಕೊಂಡು. ಕಲಬುರಗಿಯಿಂದ, ಸೋಲಾಪುರದಿಂದ ಬಂದ ಜನ ಮಸುಕು ಬಿಳುಪಿನ ಗ್ಲಾಸುಗಳನ್ನು ಎತ್ತಿದರು. ಮೊದಲ ಗುಟುಕಿಗೆ ಒಬ್ಬ ಹುಬ್ಬೇರಿಸಿದ, ಇನ್ನೊಬ್ಬಳು ಗ್ಲಾಸನ್ನು ಬೆಳಕಿಗೆ ಹಿಡಿದಳು. ದಪ್ಪ ಮೀಸೆಯವನೊಬ್ಬ ಕಣ್ಣು ಮುಚ್ಚಿ, "ಅರೆ, ಇದರಾಗ ನಮ್ಮ ಹೊಲದ ವಾಸನಿ ಅದ," ಎಂದ. ಮಾಸ್ತರು ಪಕ್ಕದ ಮೇಜಿನವರಿಗೆ ತಾವಾಗಿಯೇ ಬಾಗಿ ಹೇಳಿದರು: "ಅದನ್ನ ಮಾಡಿದಾಕಿ ನನ್ನ ಮಗಳು." ಹೇಳಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಸಂಜೆಗೆ ಮುಂಚೆಯೇ ಪೀಪಾಯಿ ಬರಿದಾಯಿತು. ಮೈತ್ರಿ ಬೂಟು ಕಳಚಿ, ಹಿಂಬಾಗಿಲ ಮೆಟ್ಟಿಲ ಮೇಲೆ ಧಪ್ಪನೆ ಕೂತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಗುರಮ್ಮ ಗಂಟು ಬಿಚ್ಚಿದಳು. ಮಾಸ್ತರು ರೊಟ್ಟಿ ಮುರಿದು, ಹಿಂಡಿ ಹಚ್ಚಿ ಮಗಳ ಕೈಗಿಟ್ಟು, "ಜೋಳಾ ಎಷ್ಟು ತಾಸು ನೆನೆಸ್ತೀರಿ?" ಎಂದು ಕೇಳಿದರು. ಬಾಯಿ ತುಂಬಿಕೊಂಡಿದ್ದ ಮೈತ್ರಿಗೆ ಉತ್ತರ ಕೊಡಲಾಗಲಿಲ್ಲ. ಗುರಮ್ಮನೇ ಹೇಳತೊಡಗಿದಳು.