ಕಾಕಾ ಎಂದ ಮಗಳು

ಶಫೀಕನಿಗೆ ಹೊಲಿಗೆ ಯಂತ್ರದ ರಿಪೇರಿ ಹೊಟ್ಟೆಪಾಡು, ಫೋಟೋ ತೆಗೆಯುವುದು ಹುಚ್ಚು. ಆದರೂ ಬೆಟಗೇರಿಯ ಅವರ ಓಣಿಯಲ್ಲಿ ಯಾರೂ ಅವನನ್ನು ಫೋಟೋಗ್ರಾಫರ್ ಎನ್ನುತ್ತಿರಲಿಲ್ಲ. ಮದುವೆಗೆ ಕರೆದರೆ ಬರುವವನಲ್ಲ, ನಾಮಕರಣಕ್ಕೆ ಕರೆದರೂ ಬರುವವನಲ್ಲ. ಅವನ ಕ್ಯಾಮೆರಾಕ್ಕೆ ಬೇಕಾದದ್ದು ಎರಡೇ ಮುಖ: ಆರು ವರ್ಷದ ಮಗಳು ಫಿಜಾ, ನಾಲ್ಕು ತುಂಬದ ಮಗ ಮುಸ್ತಾಕ. ಅವರು ಹಲ್ಲುಜ್ಜುವುದು, ಅಜ್ಜಿ ಮೋತಿಬಿಯ ಮೊರದಿಂದ ಬೇಳೆ ಕದಿಯುವುದು, ಶಫೀಕನ ಅಣ್ಣನ ಮಗ್ಗದ ಕೆಳಗಿನ ಕುಣಿಯಲ್ಲಿ ಅಡಗಿ ಕೂತು ಒಂದೇ ಕಣ್ಣು ಹೊರಗೆ ಹಾಕುವುದು, ಎಲ್ಲವೂ ಅವನ ಕ್ಯಾಮೆರಾದಲ್ಲಿ ಇದ್ದವು.

"ಒಮ್ಮೆರೆ ಮಕ್ಕಳನ್ನ ಬರೇ ಕಣ್ಣಿಲೆ ನೋಡ್ರಿ," ಎಂದು ಹೆಂಡತಿ ಅಮೀರಾ ನಗುತ್ತಿದ್ದಳು. "ಆ ಡಬ್ಬಿಯಾಗಿಂದ ನೋಡೂದ ಆತು ನಿಮ್ಮದು."

ಆ ಭಾನುವಾರ ಮಕ್ಕಳನ್ನು ಸೂರ್ಯಕಾಂತಿ ಹೊಲದಲ್ಲಿ ನಿಲ್ಲಿಸಿ ತೆಗೆಯಬೇಕೆಂದು ಅವನು ಅವರನ್ನು ಬೈಕಿಗೆ ಹತ್ತಿಸಿಕೊಂಡು ಮುಂಡರಗಿ ರಸ್ತೆ ಹಿಡಿದ. ವಾರದ ಹಿಂದೆ ಬಸ್ಸಿನ ಕಿಟಕಿಯಿಂದ ಕಂಡ ಹೊಲ ಅದು. ಹೊರಡುವಾಗ ಅಮೀರಾ ಕ್ಯಾಮೆರಾ ಚೀಲದೊಳಗೆ ಒಂದು ಹಿಡಿ ಚಾಕಲೇಟು ಹಾಕಿದಳು, ಸಣ್ಣವನು ಹಟ ಮಾಡಿದರೆ ಇರಲಿ ಎಂದು. ಹಾಕುತ್ತಲೇ ಕೇಳಿದಳು, "ಈ ಮಕ್ಕಳ ಕಳ್ಳರ ಸುದ್ದಿ ಖರೆ ಐತೇನ್ರಿ? ಎಲ್ಲಾರ ಫೋನಿನ್ಯಾಗೂ ಅದ ಬರಾಕತ್ತೇತಿ."

"ಯಾರಿಗೊತ್ತು? ನನಗೂ ಬಂದಿತ್ತು, ಅಣ್ಣಗ ಕಳಿಸೀನಿ. ನಮ್ಮ ಮಕ್ಕಳು ನನ್ನ ಕೂಡ ಇರ್ತಾವಲ್ಲ, ನಿನಗೇನು ಚಿಂತಿ?"

ಹೊಲ ಅವನು ನೆನೆದದ್ದಕ್ಕಿಂತ ಚೆಲುವಾಗಿತ್ತು. ಹೂಗಳು ಮಕ್ಕಳ ತಲೆಗಿಂತ ಎತ್ತರ, ಇಳಿಬಿಸಿಲು ಹಿಂದಿನಿಂದ ಬಂದು ಫಿಜಾಳ ಕೂದಲಂಚಿಗೆ ಹೊಳಪು ಹಚ್ಚಿತ್ತು. ಅವಳು ಹೇಳಿದಂತೆ ನಿಂತಳು. ಮುಸ್ತಾಕ ಮಾತ್ರ ಹೂವಿನ ಮೇಲಿನ ಜೇನುನೊಣ ಕಂಡು ಕಿರುಚತೊಡಗಿದ. ಬೆಳಕು ಇನ್ನೇನು ಇಳಿಯುತ್ತದೆ ಎಂಬ ಅವಸರ ಶಫೀಕನಿಗೆ. ಒಂದು ಕೈಯಲ್ಲಿ ಮಗನ ರಟ್ಟೆ ಹಿಡಿದು ಸಾಲಿನೊಳಗೆ ಎಳೆದ, ಇನ್ನೊಂದು ಕೈಯಲ್ಲಿ ಚಾಕಲೇಟು ತೋರಿಸಿದ.

"ಅಳಬ್ಯಾಡ, ಇಲ್ನೋಡು. ಸುಮ್ನ ನಿಂತ್ರ ಇದನ್ನ ಕೊಡ್ತೀನಿ. ಮನಿಗೆ ಆಮ್ಯಾಲ ಹೋಗೂಣಂತ."

ರಸ್ತೆಯಲ್ಲಿ ಒಂದು ಬೈಕು ನಿಂತ ಸದ್ದಾಯಿತು. ಹಿಂದೆ ಮೇವಿನ ಹೊರೆ ಕಟ್ಟಿಕೊಂಡಿದ್ದ ಮಧ್ಯವಯಸ್ಸಿನ ರೈತನೊಬ್ಬ ಇಳಿದು ಬಂದ. ಮಹಬೂಬಸಾಬ ಎಂಬುದು ಅವನ ಹೆಸರೆಂದು ಶಫೀಕನಿಗೆ ಆಮೇಲೆ ತಿಳಿಯಿತು. ಅವನು ಬಂದವನೇ ಮುಸ್ತಾಕನನ್ನು ಎತ್ತಿಕೊಂಡು ಹೊಲದಿಂದ ಹೊರಗೆ ತಂದ.

"ಯಾರ ಮಕ್ಕಳಪಾ ಇವು?"

"ನನ್ನವ ಸಾಹೇಬ್ರ. ಫೋಟೋ ತಗ್ಯಾಕ ಬಂದೀವಿ."

ಮಹಬೂಬಸಾಬ ಫಿಜಾಳ ಮುಂದೆ ಮೊಣಕಾಲೂರಿ ಕೂತ. "ಇವ್ರು ಯಾರವಾ ನಿನಗ?"

"ಕಾಕಾ," ಎಂದಳು ಫಿಜಾ.

"ಮತ್ತ ನಿಮ್ಮ ಅಬ್ಬಾ ಎಲ್ಲೆದಾರ?"

"ಬೆಟಗೇರ್ಯಾಗ. ಮಗ್ಗದ ಮುಂದ ಕುಂತಾರ."

ಮಗಳು ಸುಳ್ಳು ಹೇಳಿರಲಿಲ್ಲ. ಅಣ್ಣ ಶೇಖಸಾಬನ ಮಕ್ಕಳು ಯಾಸ್ಮೀನ, ಮೊಹಸಿನ ಅದೇ ಮನೆಯ ಮಕ್ಕಳಲ್ಲಿ ದೊಡ್ಡವರು. ಅವರು ತಮ್ಮ ತಂದೆಯನ್ನು ಅಬ್ಬಾ ಎಂದರು, ಶಫೀಕನನ್ನು ಕಾಕಾ ಎಂದರು. ಅದನ್ನೇ ಕೇಳಿ ಬೆಳೆದ ಫಿಜಾಳೂ ಹಾಗೇ ಕರೆದಳು, ಯಾರೂ ತಿದ್ದಲಿಲ್ಲ. ಕೂಡಿದ ಮನೆಗಳಲ್ಲಿ ಹೀಗೇ ನಡೆಯುತ್ತದೆ, ಮಕ್ಕಳು ಕರೆಯುವುದು ಕೇಳಿಕೊಂಡು ಎಲ್ಲರೂ ನಗುತ್ತಾರೆ. ಇಲ್ಲಿ ಯಾರೂ ನಗಲಿಲ್ಲ.

"ನಮ್ಮ ಅಣ್ಣಗ ಅದು ಅಬ್ಬಾ ಅಂತತ್ರಿ," ಎನ್ನುವಷ್ಟರಲ್ಲಿ ಮಹಬೂಬಸಾಬ ಊರ ಕಡೆ ತಿರುಗಿ ಕೂಗಿಬಿಟ್ಟಿದ್ದ.

ಮಂದಿ ಎಲ್ಲಿಂದ ಬಂದರೋ! ಕಳೆ ಕೀಳುತ್ತಿದ್ದವರು, ಹಳ್ಳದ ಕಡೆ ಎಮ್ಮೆ ಹೊಡೆದುಕೊಂಡು ಹೋದವರು, ಕ್ರಿಕೆಟ್ ಬ್ಯಾಟು ಕೈಯಲ್ಲೇ ಇದ್ದ ಹುಡುಗರು. ಯಾರೋ ಅವನ ಅಂಗಿಯ ಕೊರಳಪಟ್ಟಿ ಹಿಡಿದರು, ಯಾರೋ ಅವನ ಬೈಕಿನ ಕೀಲಿ ಕಿತ್ತರು, ಯಾರೋ ಚೀಲ ಕಸಿದು ನೆಲಕ್ಕೆ ಸುರಿದರು. ಚಾಕಲೇಟು ಉರುಳಿದವು.

"ನೋಡ್ರಿ, ಚಾಕಲೇಟ! ಅದ ಬಂದಿತ್ತಲ್ಲ ಫೋನಿನ್ಯಾಗ!"

"ಮನಿಗೆ ಫೋನ್ ಹಚ್ಚತೀನ್ರಿ, ನನ್ನ ಹೇಣ್ತಿ ಕೂಡ ಮಾತಾಡ್ರಿ," ಎಂದು ಶಫೀಕ ಫೋನು ತೆಗೆದ. ಒಬ್ಬ ಅದನ್ನು ಕಿತ್ತುಕೊಂಡ. "ನಿನ್ನ ಟೋಳಿ ಕರಸ್ತಿ ಏನಲೇ?"

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಮಂಜುನಾಥ ಎಂಬ ಕಾಲೇಜು ಹುಡುಗ ಗುಂಡಿ ಒತ್ತುತ್ತಾ ಹಿಂದಿನ ಫೋಟೋಗಳನ್ನು ಒಂದೊಂದಾಗಿ ನೋಡತೊಡಗಿದ. ಶಫೀಕನಿಗೆ ಜೀವ ಬಂದಂತಾಯಿತು. ಅದರಲ್ಲಿ ಮನೆ ಇದೆ, ಅಂಗಳ ಇದೆ, ಹಬ್ಬ ಇದೆ. ಇನ್ನು ಇವರಿಗೆ ತಿಳಿಯುತ್ತದೆ.

"ಏ ಯಪ್ಪಾ, ಎಲ್ಲಾ ಈ ಹುಡುಗರವ!" ಎಂದ ಮಂಜುನಾಥ. ಮುಖ ಎತ್ತಿ ಶಫೀಕನನ್ನು ನೋಡಿದ. "ಮಲಗಿದ್ದು, ಉಂಡದ್ದು, ಸಾಲಿಗೆ ಹೋಗೂದು. ನೀ ಎಲ್ಲೆದೀ ಇದರಾಗ? ಒಂದರಾಗರೆ ನೀ ಅದೀಯೇನು?"

ಇರಲಿಲ್ಲ. ತೆಗೆಯುವವನೇ ಅವನು, ಇರುವುದಾದರೂ ಹೇಗೆ? ಇಷ್ಟು ವರ್ಷ ಪ್ರೀತಿಯಿಂದ ಕೂಡಿಸಿಟ್ಟದ್ದೆಲ್ಲ ಈಗ ಯಾರೋ ಕಳ್ಳನೊಬ್ಬ ಹೊಂಚು ಹಾಕಿ ಕಲೆಹಾಕಿದಂತೆ ಅವನ ಕಣ್ಣಿಗೂ ಕಂಡಿತು. ಕೆನ್ನೆಯ ಮೇಲೆ ಮೊದಲ ಏಟು ಬಿತ್ತು.

ಶಫೀಕನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಆ ಏಟಲ್ಲ. ಅವನ ಕೊರಳಪಟ್ಟಿ ಹಿಡಿದ ಮಹಬೂಬಸಾಬ, ಇನ್ನೊಂದು ಕೈಯಿಂದ ತನ್ನ ಟವಲಿನ ತುದಿಯಲ್ಲಿ ಮುಸ್ತಾಕನ ಮೂಗು ಒರೆಸುತ್ತಿದ್ದ. ಒಬ್ಬ ಹೆಂಗಸು ಓಡಿಹೋಗಿ ಮಕ್ಕಳಿಗೆ ನೀರು ತಂದಿದ್ದಳು. ಬ್ಯಾಟು ಹಿಡಿದ ಹುಡುಗನೊಬ್ಬ ಬಗ್ಗಿ ಫಿಜಾಳ ಬಿಚ್ಚಿದ ಚಪ್ಪಲಿ ಪಟ್ಟಿ ಹಾಕಿದ. ಅವರೆಲ್ಲ ಮಕ್ಕಳನ್ನು ಉಳಿಸಲು ಬಂದವರು. ಮಕ್ಕಳ ಮೇಲಿನ ಕರುಣೆಯಿಂದಲೇ ಅವರು ಅವನನ್ನು ಕೊಲ್ಲಬಲ್ಲರು.

"ಕಾಕಾಗ ಹೊಡಿಬ್ಯಾಡ್ರಿ!" ಎಂದು ಫಿಜಾ ಚೀರಿದಳು. ಪ್ರತಿ ಸಲ ಅವಳು ಕಾಕಾ ಎಂದಾಗಲೂ ಗುಂಪು ಇನ್ನಷ್ಟು ಹತ್ತಿರ ಸರಿಯಿತು.

ಆಗ ಹೊಲದ ಬದುವಿನಿಂದ ಒಬ್ಬ ಮುದುಕಿ ಕುಡುಗೋಲು ಹಿಡಿದುಕೊಂಡೇ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮೊಣಕೈವರೆಗೂ ಹಚ್ಚೆ. ಮಂದಿ ದಾರಿ ಬಿಟ್ಟರು. "ಅನ್ನಪೂರ್ಣವ್ವ, ಮಕ್ಕಳ ಕಳ್ಳ ಸಿಕ್ಕಾನ," ಎಂದರು.

ಅವಳು ಕಳ್ಳನನ್ನು ನೋಡಲಿಲ್ಲ. ಫಿಜಾಳ ತಲೆಯ ಮೇಲೆ ಕೈ ಇಟ್ಟು, ಅವಳ ಮುಖ ತನ್ನ ಸೀರೆಗೆ ಒತ್ತಿಕೊಂಡಳು. ಅದೇ ಹೊತ್ತಿಗೆ ಮಂಜುನಾಥ ತನ್ನ ಫೋನು ಎತ್ತಿ ಒಂದು ಫೋಟೋ ಹೊಡೆದ.

"ಏನಂದ್ಲು ಈ ಕೂಸು?"

"ಇವ ಕಾಕಾ ಅಂತ. ಅಪ್ಪ ಬ್ಯಾರೆ ಅದಾನ."

"ಇದಕ್ಕ ಬಡಿಯಾಕ ಹತ್ತೀರೇನು?" ಅನ್ನಪೂರ್ಣವ್ವ ಕುಡುಗೋಲು ಕೆಳಗಿಟ್ಟಳು. "ನನ್ನ ಮಕ್ಕಳು ಈಗೂ ನನಗ ವೈನಿ ಅಂತಾವು. ನನ್ನ ಮೈದುನರು ಅಂದದ್ದನ್ನ ಕಲತಾವು. ಹಂಗಾದ್ರ ನಾ ಅವರನ್ನ ಹಡದಿಲ್ಲೇನು? ಎಲ್ಲಿಂದರೆ ಕದ್ದ ತಂದೀನೇನು? ಮಹಬೂಬಾ, ನೀನ ಹೇಳು. ನೀ ಸಣ್ಣಾವಿದ್ದಾಗ ನಿಮ್ಮವ್ವಗ ಏನಂತಿದ್ದಿ?"

ಮಹಬೂಬಸಾಬನ ಹಿಡಿತ ಸಡಿಲವಾಯಿತು. "ಭಾಬಿ," ಎಂದ ಮೆಲ್ಲಗೆ.

ಯಾರೋ ಹಿಂದೆ ಪಕ್ಕನೆ ನಕ್ಕರು. ಆದರೆ ನಗೆ ಎಲ್ಲರಿಗೂ ಹತ್ತಲಿಲ್ಲ. "ಸುಳ್ಳಿದ್ರ ಏನ ಮಾಡೂದು?" ಎಂದ ಒಬ್ಬ. "ಬಿಟ್ಟ ಮ್ಯಾಲ ಸಿಗತಾನೇನು?"

"ನಾ ಇವನ ಕೂಡ ಬೆಟಗೇರಿಗೆ ಹೋಗಿ ಮನಿ ನೋಡಿ ಬರ್ತೀನಿ. ಸುಳ್ಳಾದ್ರ ಅಲ್ಲೇ ಪೊಲೀಸರ ಕೈಯಾಗ ಕೊಡ್ತೀನಿ. ಆತಿಲ್ಲೋ?" ಎಂದಳು ಅನ್ನಪೂರ್ಣವ್ವ.

ಅವರು ಶಫೀಕನಿಗೆ ಬೈಕಿನ ಕೀಲಿ ಕೊಟ್ಟರು, ಕ್ಯಾಮೆರಾ ಕೊಟ್ಟರು. ಎಳೆದಾಟದಲ್ಲಿ ಫೋನಿನ ಗಾಜು ಒಡೆದು ಕಪ್ಪಾಗಿತ್ತು. ಮುಸ್ತಾಕ ಮುಂದೆ, ಫಿಜಾ ನಡುವೆ, ಹಿಂದೆ ಒಂದೇ ಮಗ್ಗಲಿಗೆ ಕೂತ ಅನ್ನಪೂರ್ಣವ್ವ.

"ಮನಿ ನೋಡಾಕ ಅಲ್ಲೋ ತಮ್ಮಾ ನಾ ಬಂದದ್ದು," ಎಂದಳು ಅವಳು, ಊರು ದಾಟಿದ ಮೇಲೆ. "ಆ ಹುಡುಗ ಫೋಟೋ ಹೊಡದನಲ್ಲ, ಆಗಲೇ ಮಂದಿಗೆ ಕಳಿಸಿಬಿಟ್ಟಾನ. ನೀ ಒಬ್ಬಾಂವ ಈ ಹಾದಿ ಹಿಡೀಬಾರದು ಅಂತ ಬಂದೆ."

ಶಫೀಕ ವೇಗ ಹೆಚ್ಚಿಸಿದ. ಗಾಡಿ ಎಷ್ಟೇ ಓಡಿಸಿದರೂ ಆ ಫೋಟೋ ತನಗಿಂತ ಮುಂದೆ ಓಡುತ್ತಿದೆ. ಎದುರಿಗೆ ಬಂದ ಟ್ರ್ಯಾಕ್ಟರಿನವನು ತಿರುಗಿ ನೋಡಿದನೇ? ಸೇತುವೆ ಮೇಲೆ ಕೂತ ಹುಡುಗರು ಫೋನು ನೋಡುತ್ತಿದ್ದಾರೆ, ಯಾಕೆ?

"ಫಿಜಾ, ಕೇಳಿಲ್ಲೆ. ಯಾರರೆ ಕೇಳಿದ್ರ ನನಗ ಅಬ್ಬಾ ಅನ್ನು."

"ಅಬ್ಬಾ ಮನ್ಯಾಗ ಅದಾರಲ್ಲ ಕಾಕಾ?"

"ಇವತ್ತ ನನಗ ಅನ್ನು, ನನ್ನ ಬಂಗಾರ."

ಡಂಬಳ ದಾಟಿದ ಮೇಲೆ ಮುಸ್ತಾಕ ನೀರಿಗಾಗಿ ಅಳತೊಡಗಿದ. ಮೂರು ಹಾದಿ ಕೂಡುವಲ್ಲಿ ಒಂದು ಚಹಾದಂಗಡಿ. ನಿಲ್ಲಿಸಬಾರದೆಂದುಕೊಂಡ, ಅಳುವ ಮಗುವಿನೊಂದಿಗೆ ಹೋಗುವುದು ಇನ್ನೂ ಕೆಟ್ಟದ್ದೆಂದು ನಿಲ್ಲಿಸಿದ. ಅಂಗಡಿಯ ಹುಚ್ಚೀರಪ್ಪ ತಂಬಿಗೆ ಕೊಟ್ಟ. ಬೆಂಚಿನ ಮೇಲೆ ಕೂತಿದ್ದ ಮೂವರಲ್ಲಿ ಒಬ್ಬ ಫೋನು ನೋಡಿದ, ಶಫೀಕನನ್ನು ನೋಡಿದ, ಮತ್ತೆ ಫೋನು ನೋಡಿದ. ಚಹಾದ ಗ್ಲಾಸು ಕೆಳಗಿಟ್ಟು ಎದ್ದ.

"ಪುಟ್ಟಿ, ಯಾರವಾ ಇವ್ರು?"

ಫಿಜಾ ನೆಟ್ಟಗೆ ನಿಂತಳು. "ಅಬ್ಬಾ."

ಶಫೀಕ ಉಸಿರು ಬಿಟ್ಟ. ಆದರೆ ಸುಳ್ಳು ಹೇಳಬಾರದೆಂದು ಮನೆಯಲ್ಲಿ ಕಲಿಸಿದ್ದರಲ್ಲ, ಮಗಳು ಸಣ್ಣ ದನಿಯಲ್ಲಿ ಕೂಡಿಸಿದಳು: "ಹಂಗ ಅನ್ನು ಅಂತ ಕಾಕಾ ಹೇಳ್ಯಾರ."

ಮೂವರೂ ಎದ್ದರು. ಒಬ್ಬ ಬೈಕಿನ ಕೀಲಿ ಕಿತ್ತುಕೊಂಡ. ಮೊದಲಿನವನು ಫೋನನ್ನು ಶಫೀಕನ ಮುಖಕ್ಕೆ ಹಿಡಿದ. "ಇದು ನೀನ ಅಲ್ಲೇನು? ಮಕ್ಕಳ ಕಳ್ಳ, ಮುಂಡರಗಿ ಹಾದ್ಯಾಗ ಓಡ್ಯಾಡಾಕತ್ತಾನ ಅಂತ ಬರದಾರ."

"ಏ, ನಾ ಕೂಡ ಅದೀನಲ್ಲ, ಕಣ್ಣ ಕಾಣವಲ್ಲವೇನು?" ಎಂದಳು ಅನ್ನಪೂರ್ಣವ್ವ.

"ಇಂಥಾ ಮುದುಕ್ಯಾರನ್ನ ಕೂಡಿಸಿಕೊಂಡ ತಿರಗ್ತಾರಂತ ಈಗ. ಎಲ್ಲಾ ಗೊತ್ತೈತಿ."

ಇಲ್ಲಿ ಅನ್ನಪೂರ್ಣವ್ವನ ಮಾತೂ ನಡೆಯಲಿಲ್ಲ. ಏನು ಮಾಡುವುದೆಂದು ತಿಳಿಯದೆ ಶಫೀಕ, ಕಣ್ಣ ಮುಂದೆ ಹಿಡಿದಿದ್ದ ಫೋಟೋವನ್ನೇ ನೋಡಿದ. ಹರಿದ ಅಂಗಿ, ಬಾಯಿ ತೆರೆದ ತಾನು, ಅಳುವ ಮಗ. ಕೆಟ್ಟ ಫೋಟೋ, ಅಂಚು ಸರಿಯಾಗಿ ಹಿಡಿದಿರಲಿಲ್ಲ. ಬಲಗಡೆ ಯಾರದೋ ಅರ್ಧ ತೋಳು ನುಗ್ಗಿತ್ತು. ತಾನು ತೆಗೆದಿದ್ದರೆ ಆ ತೋಳನ್ನು ಫೋಟೋದಿಂದ ಕತ್ತರಿಸಿ ಒಗೆಯುತ್ತಿದ್ದ.

"ಕೈ ನೋಡ್ರಿ," ಎಂದ. "ನನ್ನ ನೋಡಬ್ಯಾಡ್ರಿ. ಅಂಚಿನ್ಯಾಗ, ಹುಡುಗಿ ತಲಿ ಮ್ಯಾಲ ಯಾರ ಕೈ ಐತಿ ನೋಡ್ರಿ."

ಹುಚ್ಚೀರಪ್ಪ ಒಲೆ ಬಿಟ್ಟು ಬಂದು ಬಗ್ಗಿ ನೋಡಿದ. ಹಚ್ಚೆಯ ಬಳ್ಳಿ, ಅದರ ನಡುವೆ ಚುಕ್ಕೆ. ಅನ್ನಪೂರ್ಣವ್ವ ಮಾತಿಲ್ಲದೆ ತನ್ನ ತೋಳು ಫೋನಿನ ಪಕ್ಕಕ್ಕೆ ಹಿಡಿದಳು.

"ಅದ ಕೈ ಐತಲೇ," ಎಂದ ಹುಚ್ಚೀರಪ್ಪ. "ಮಂದಿ ಹಿಡದಾಗ ಈ ಯವ್ವ ಅಲ್ಲೇ ನಿಂತಾಳ. ಹಿಡದ ಮಂದಿನ ಇವನ್ನ ಬಿಟ್ಟಾರ ಅಂದ್ರ ಏನರ್ಥ? ಬರದಾಂವ ಬಿಟ್ಟದ್ದನ್ನ ಬರದಿಲ್ಲ ಅಷ್ಟ. ಕೀಲಿ ಕೊಡ್ರಿ."

ಕೀಲಿ ಬಂತು. ಫೋನಿನವನು ತಲೆ ತಗ್ಗಿಸಿದ. "ತಪ್ಪಾತ್ರಿ. ಈಗ ಅಳಸ್ತೀನಿ."

"ಯಾರ್ಯಾರಿಗೆ ಕಳಿಸಿದಿ?" ಎಂದು ಅನ್ನಪೂರ್ಣವ್ವ ಕೇಳಿದಳು.

ಅವನು ಫೋನಿನ ಮೇಲೆ ಬೆರಳು ಸರಿಸುತ್ತಲೇ ಹೋದ, ಹೆಸರುಗಳು ಮುಗಿಯಲಿಲ್ಲ. ಹುಚ್ಚೀರಪ್ಪ ಮುಸ್ತಾಕನ ಅಂಗಿಯ ಕಿಸೆಗೆ ಎರಡು ಬಿಸ್ಕೀಟು ಹಾಕಿ, "ಜಲ್ದಿ ಹೋಗ್ರಿ, ಎಲ್ಲೂ ನಿಲ್ಲಬ್ಯಾಡ್ರಿ," ಎಂದ.

ಎಲ್ಲೂ ನಿಲ್ಲಲಿಲ್ಲ. ಗದಗದ ಮಂದಿಯ ನಡುವೆ ಶಫೀಕ ಯಾರ ಕಣ್ಣನ್ನೂ ನೋಡದೆ ಗಾಡಿ ನಡೆಸಿದ. ಬೆಟಗೇರಿ ಬಂತು. ಮಗ್ಗಗಳ ಟಕಟಕ ಕೇಳಿದೊಡನೆ ಮುಸ್ತಾಕ ಚಪ್ಪಾಳೆ ತಟ್ಟಿದ. ಓಣಿಯ ತಿರುವಿನಲ್ಲಿ ಶಫೀಕ ಗಕ್ಕನೆ ಬ್ರೇಕು ಒತ್ತಿದ.

ಅವನ ಮನೆ ಮುಂದೆ ಗುಂಪು ನಿಂತಿತ್ತು. ಎಲ್ಲರ ಕೈಯಲ್ಲೂ ಫೋನು. ಒಬ್ಬ ಇವರನ್ನು ಕಂಡು ಕೈ ತೋರಿಸಿದ, ಇಡೀ ಗುಂಪು ಒಮ್ಮೆಲೇ ಇವರ ಕಡೆ ತಿರುಗಿತು.

"ಬಂದ, ಬಂದ!" ಎಂದು ಯಾರೋ ಕೂಗಿದರು.

ಆ ಫೋಟೋ ಕಂಡು ಗಾಬರಿಯಾಗಿ ಕೂಡಿದ್ದ, ಅವನು ಹುಟ್ಟಿದಾಗಿನಿಂದ ನೋಡಿದ ಮಂದಿ ಅವರು. ಅಣ್ಣ ಶೇಖಸಾಬ ಮುಂದೆ ನಿಂತಿದ್ದ, ಅಮೀರಾ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಅದೆಲ್ಲ ಶಫೀಕನಿಗೆ ಕಂಡಿತು, ಆದರೆ ಕಾಲು ಬ್ರೇಕಿನಿಂದ ಏಳಲಿಲ್ಲ.

"ಹೋಗೋ ತಮ್ಮಾ, ನಿಮ್ಮವರ ಅದಾರ," ಎಂದಳು ಅನ್ನಪೂರ್ಣವ್ವ.

"ಗೊತ್ತೈತಿ ಯವ್ವಾ," ಎಂದ ಅವನು. "ಆದ್ರೂ ನೀವ ಮುಂದ ನಡೀರಿ."

ಮುದುಕಿ ಇಳಿದಳು. ಎರಡೂ ಕೈಗೆ ಎರಡು ಮಕ್ಕಳನ್ನು ಹಿಡಿದು, ಎಂದೂ ನೋಡದ ಓಣಿಯೊಳಗೆ ಮುಂದೆ ನಡೆದಳು. ಶಫೀಕ ಗಾಡಿ ಬಂದ್ ಮಾಡಿ, ಅದನ್ನು ತಳ್ಳುತ್ತಾ ಅವಳ ಹಿಂದೆ ತನ್ನ ಮನೆಗೆ ಹೋದ.